ಪಣಜಿ ಬಸ್ಸಿನ ನೆವ

"ನಾಳಿಂದ ನಾ ಓಡಾಕಿ!" ಅಂತ ಸಂಜಿಮುಂದ ದೇವರಿಗೆ ದೀಪ ಹಚ್ಚಿ, ಮನಿ ಮಂದಿಗೆಲ್ಲ ಕೇಳುವ ಹಾಗೆ ಸಾರಿಬಿಟ್ಟೆ. ದಂಡಿಗೆ ಹೊರಟ ರಾಣಿಯರೂ ಅಷ್ಟು ಗತ್ತಿನಿಂದ ಮಾತಾಡಿರಲಿಕ್ಕಿಲ್ಲ ನೋಡ್ರಿ!

ಕಾರಣ ಇತ್ತು. ನನ್ನ ರಕ್ತದಾಗ ಸಕ್ಕರಿ ಏರಿತ್ತು. ಗೋವಾದ ಮ್ಹಾಪಸಾದಾಗಿನ ನಮ್ಮ ಡಾಕ್ಟರು ಅರ್ಧ ಕೊಂಕಣಿ, ಅರ್ಧ ಹಿಂದಿಯೊಳಗ ಹೇಳಿದ್ದಿಷ್ಟು: ದಿನಾ ಮುಂಜಾನೆ ಜೋರು ನಡೀಬೇಕು, ಆದೀತಂದರ ಓಡಬೇಕು, ಗಣೇಶ ಚವತಿ ಬರೂದರೊಳಗ ಸಕ್ಕರಿ ಇಳೀದಿದ್ದರ ದಿನಾ ಹೊಟ್ಟಿಗೆ ಸೂಜಿ. ಸೂಜಿ! ಹೊಲಿಯೋ ಸೂಜಿಗೆ ದಾರ ಪೋಣಿಸುವಾಗಲೂ ಕಣ್ಣು ಮುಚ್ಚುವಾಕಿ ನಾನು.

ನಮ್ಮ ಯಜಮಾನರು ನಿಜಲಿಂಗಪ್ಪನವರು (ಗಂಡನ ಹೆಸರು ಹೇಳಬಾರದು, ಬರೆದರ ಪಾಪ ಇಲ್ಲ) ಬೆಳಗಾವಿಯಿಂದ ಬಂದು ಮ್ಹಾಪಸಾ ಪ್ಯಾಟಿಯೊಳಗ ಬಾಂಡೆ ಅಂಗಡಿ ಇಟ್ಟವರು. ಅವರಿಗೆ ಹಿತ್ತಾಳಿ ಕೊಡಕ್ಕಿಂತ ಮರ್ಯಾದಿ ಹೆಚ್ಚು ಫಳಫಳ ಅನ್ನಬೇಕು.

"ಮರ್ಯಾದಸ್ಥರು ಓಡೂದಿಲ್ಲ," ಅಂದರು. "ಓಡೂವ್ರು ಕಳ್ಳರು, ಅವರ ಹಿಂದ ಪೊಲೀಸ್ರು. ನೀ ಯಾರ ಪೈಕಿ?"

"ನಾ ಸೂಜಿ ಬ್ಯಾಡನ್ನವ್ರ ಪೈಕಿ ರೀ."

ಸೊಸಿ ನೀಲಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗಿಮನಿಗೆ ಓಡಿದಳು. ಓಡುವುದನ್ನು ನಮ್ಮನಿಯೊಳಗ ಮೊದಲು ಸುರು ಮಾಡಿದಾಕಿ ಆಕೀನ!

ಮರುದಿನ ಬೆಳಕು ಹರಿಯುವ ಮುಂಚೆ, ಪಾವ್ ಮಾರುವವನ ಸೈಕಲ್ ಹಾರ್ನು ಕೇಳಿದ ಕೂಡಲೇ ಎದ್ದೆ. ಸೀರಿ ಎತ್ತಿ ಸಿಗಿಸಿ, ಮಗನ ಹಳೇ ಕ್ಯಾನ್ವಾಸ್ ಬೂಟು ಹಾಕಿಕೊಂಡೆ. ಓಣಿ ತಿರುವು ದಾಟುವ ತನಕ ಗೌರವದಿಂದ ನಡೆದೆ. ಆಮ್ಯಾಲ ಓಡಿದೆ. ಏನು ಹೇಳಲಿ! ಸಣ್ಣಾಕಿದ್ದಾಗ ಧಾರವಾಡದ ಕಡೆ ಕರುಗಳ ಹಿಂದ ಓಡಿದ್ದೇ ಕಡೀದು. ಲಗ್ನಾದ ಮ್ಯಾಲ ಹೆಣ್ಣಮಗಳು ಓಡಬಾರದು ಅಂದರು, ಸರಿ ಅಂದೆ. ಹಾಲು ಉಕ್ಕಿದಾಗಲೂ ಬಿರಬಿರ ನಡೆದು ಹೋದೆನೇ ಹೊರತು ಓಡಲಿಲ್ಲ. ಆದರ ಕಾಲಿಗೆ ಎಲ್ಲಾ ನೆನಪಿತ್ತು. ಓಡುತ್ತ ಓಡುತ್ತ ನನಗ ನಗಿ ಬಂತು. ಯಾಕಂತ ಗೊತ್ತಿಲ್ಲ, ಒಬ್ಬಾಕೀನೇ ಕಿಲಕಿಲ ನಕ್ಕೆ.

ಮನಿಗೆ ತಿರುಗಿ ಬಂದರ ಅಂಗಳದ ತುಂಬ ಮಂದಿ! ಪಕ್ಕದ ಮನಿ ಭೀಮಿಬಾಯಿ ನಸುಕಿನೊಳಗ ನಾನು ಕೂದಲಾ ಕೆದರಿಕೊಂಡು ಓಡಿದ್ದನ್ನು ನೋಡಿದ್ದಳು. ನಮ್ಮ ಕಡೆ ಮುದುಕಿ ಮುಂಜಾನೆದ್ದು ಹಂಗ ಓಡಿದಳಂದರ ಸಾವಿನ ಸುದ್ದಿ ಬಂತು ಅಂತಲೇ ಅರ್ಥ. ಆಕಿ ಓಣಿಗೆಲ್ಲ ಹೇಳಿ, ಸಾವಾದ ಮನಿಯೊಳಗ ಒಲಿ ಹಚ್ಚೂದಿಲ್ಲಂತ ರೊಟ್ಟಿ, ಝುಣಕ ಬ್ಯಾರೆ ಮಾಡಿಕೊಂಡು ಬಂದಿದ್ದಳು. ಯಜಮಾನರು ಕಟ್ಟಿಮ್ಯಾಲ ಕುಂತು, ಬಂದವರ ಸಮಾಧಾನದ ಮಾತಿಗೆಲ್ಲ ಗೋಣು ಹಾಕುತ್ತಿದ್ದರು. ಇಷ್ಟು ಮಂದಿ ಬಂದದ್ದು ನೋಡಿ ನನ್ನ ಓಟದ ಮಾತೇ ಮರೆತಿದ್ದರು, ಕಣ್ಣು ಒದ್ದೆಯಾಗಿದ್ದವು!

ನನ್ನನ್ನು ನೋಡಿ ಸಣ್ಣ ದನಿಯೊಳಗ ಕೇಳಿದರು: "ಯಾರು ಹೋದ್ರು?"

"ಯಾರೂ ಇಲ್ರಿ. ನಾನ ಹೋಗಿದ್ದೆ. ತಿರುಗಿ ಬಂದೇನಿ."

ಝುಣಕ ಮಾತ್ರ ಭಾಳ ಚಲೋ ಆಗಿತ್ತು.

ಆವತ್ತು ರಾತ್ರಿ ಊಟಕ್ಕ ಕುಂತಾಗ ಯಜಮಾನರ ಹೊಸ ಕಾಯಿದೆ ಜಾರಿಗೆ ಬಂತು. "ಓಡೂದಾದ್ರ ಒಂದು ಕಾರಣ ಹಿಡಕೊಂಡು ಓಡು. ಇಲ್ಲಂದ್ರ ಮಂದಿ ತಾವ ಒಂದು ಕಾರಣ ಹಚ್ಚತಾರ."

ಕಾರಣ ಎಲ್ಲಿಂದ ತರಲಿ? ನಾನು ಚಿಂತಿ ಮಾಡುತ್ತಿರುವಾಗ ನೀಲಗಂಗಾ ಸಾರು ಬಡಿಸುತ್ತ ಅಂದಳು: "ಅತ್ತೀ, ಬಸ್ ಹಿಡಿಯಾಕ ಓಡೂವ್ರನ್ನ ಯಾರೂ ಯಾಕಂತ ಕೇಳೂದಿಲ್ರಿ."

ಎಂಥಾ ಮಾತು! ಮ್ಹಾಪಸಾ ಸ್ಟ್ಯಾಂಡಿನೊಳಗ ಬಸ್ಸಿನ ಹಿಂದ ವಕೀಲರೂ ಓಡತಾರ, ಪಾದ್ರಿಗಳೂ ಓಡತಾರ. ಅವರ ಮರ್ಯಾದಿ ಏನರ ಕಡಿಮಿ ಆಗೇದೇನು?

ಒಂದು ಚೀಲದಾಗ ಹಳೇ ಸೀರಿ ತುರುಕಿ, ಬಗಲಾಗ ಛತ್ರಿ ಹಿಡಿದು, ಮುಂಜಾನೆ ಪಣಜಿ ಬಸ್ಸಿನ ಹೊತ್ತಿಗೆ ಮನಿಯಿಂದ ಓಡುವುದು. ಸ್ಟ್ಯಾಂಡು ಮುಟ್ಟಿದಾಗ ಬಸ್ಸು ಹೋಗಿರಬೇಕು. ಹಣಿ ಬಡಕೊಂಡು, "ಅಯ್ಯ, ತಪ್ಪಿತಲ್ಲ!" ಅಂತ ನಾಲ್ಕು ಮಂದಿಗೆ ಕೇಳುವ ಹಾಗೆ ಅಂದು ಮನಿಗೆ ಬರುವುದು. ಭಾಳ ಪಸಂದಾಗಿ ನಡೀತು.

ತೊಂದರಿ ಏನಂದರ, ಪ್ಯಾಟಿ ಮಂದಿ ಭಾಳ ಒಳ್ಳೆಯವರು. ದಿನಾ ಬಸ್ಸು ತಪ್ಪಿಸಿಕೊಳ್ಳುವ ಮುದುಕಿಯನ್ನು ನೋಡಿ ಅವರಿಗೆ ಕನಿಕರ ಬರಾಕ ಹತ್ತಿತು. ಅಬ್ಬಲಿಗಿ ಹೂ ಮಾರುವ ಹೆಂಗಸರು ಸಾಲಾಗಿ ಕುಂತಲ್ಲಿಂದಲೇ "ಧಾಂವ್ ಗೋ ಮಾಂಯ್, ಧಾಂವ್!" ಅಂತ ಹುರುಪು ಕೊಡತಿದ್ದರು. ಧಾಂವ್ ಅಂದರ ಓಡು, ಮಾಂಯ್ ಅಂದರ ಅವ್ವ. ಅದನ್ನು ಕೇಳಿದರ ನನ್ನ ಕಾಲಿಗೆ ಓಟದ ಎತ್ತು ಹೂಡಿದ ಹಾಗಾಗುತ್ತಿತ್ತು. ಹೀಗಾಗಿ ದಿನದಿಂದ ದಿನಕ್ಕ ನನ್ನ ಓಟ ಜೋರಾಗಿ, ಬಸ್ಸು ಹೊರಡುವ ಮುಂಚೇನೇ ಮುಟ್ಟಾಕ ಹತ್ತಿದೆ! ಊರ ಮಂದಿ ಬಸ್ಸು ಸಿಗಲಿ ಅಂತ ಓಡತಾರ, ನಾನು ಸಿಗಬಾರದು ಅಂತ ಬಾಳಿಹಣ್ಣಿನ ಅಂಗಡಿ ಹಿಂದ ಅಡಗಿ ಕುಂದರತಿದ್ದೆ.

ಪಣಜಿ ಬಸ್ಸಿನ ಕಂಡಕ್ಟರ್ ಜಿಲಾನಿ ವಿಜಾಪುರದ ಕಡೆಯವನು. ತಮ್ಮ ಕಡೆ ಮುದುಕಿಗೆ ದಿನಾ ಇದೇ ಗತಿ ಆಗುವುದನ್ನು ಅವನಿಗೆ ನೋಡಲಾಗಲಿಲ್ಲ. ಒಂದು ಶುಕ್ರವಾರ, ಸಂತಿ ದಿನ, ನಮ್ಮ ಅಂಗಡಿಗೆ ವಾರದ ವ್ಯಾಪಾರವೆಲ್ಲ ಆಗುವ ದಿನ, ಅವನು ಬಸ್ಸನ್ನು ಸೀದಾ ಬಾಳಿಹಣ್ಣಿನ ಅಂಗಡಿ ಮುಂದ ತರಿಸಿ ನಿಲ್ಲಿಸಿದ! ಕೆಳಗ ಜಿಗಿದು ನನ್ನ ರಟ್ಟಿ ಹಿಡಿದ.

"ಇವತ್ತ ನಿಮ್ಮನ್ನ ಬಿಟ್ಟು ಹೋದ್ರ ನಾ ಕಂಡಕ್ಟರ್ ಅಲ್ಲ, ಅಜ್ಜಿ."

ಬಸ್ಸಿನ ಮಂದಿ ಚಪ್ಪಾಳಿ ತಟ್ಟಿದರು. ಯಾರೋ ಸೀಟು ಬಿಟ್ಟುಕೊಟ್ಟರು. ಇಷ್ಟು ಪ್ರೀತಿಯ ನಡುವೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಹೆಂಗ ಹೇಳಲಿ? ಸುಮ್ಮನ "ಪಣಜಿ" ಅಂದೆ. ಚಿಲ್ಲರಿ ಹುಡುಕಾಕ ಚೀಲದಾಗ ಕೈ ಹಾಕಿದರ, ಸೀರಿ ಎಲ್ಲಿವೆ? ಕೈಗೆ ಹತ್ತಿದ್ದು ಅಂಗಡಿ ಕೀಲಿಕೈ ಗೊಂಚಲು! ಗಡಿಬಿಡಿಯೊಳಗ ಗೂಟದ ಮ್ಯಾಲಿದ್ದ ಅಂಗಡಿ ಚೀಲಾನೇ ಎತ್ತಿಕೊಂಡು ಬಂದಿದ್ದೆ.

ಹಿಂದಿನ ಕಿಡಕಿಯಿಂದ ಹಣಿಕಿ ಹಾಕಿದೆ. ಸಂತಿ ನಟ್ಟನಡುವೆ, ಧೋತರ ಮೊಳಕಾಲ ಮ್ಯಾಲ ಎತ್ತಿ, ಒಂದ ಕಾಲಾಗ ಚಪ್ಪಲಿ ಇದ್ದು ಇನ್ನೊಂದು ಕಾಲಾಗ ಇಲ್ಲದ, ನಮ್ಮ ಮರ್ಯಾದಸ್ಥರು ಓಡಿ ಬರಾಕ ಹತ್ತಿದ್ದರು!

"ಏ ನಿಂದರ! ಹಂಗ ಹೋಗಬ್ಯಾಡ!"

ಚೀಲ ಹಿಡಿದು ಬಸ್ಸು ಹತ್ತಿದ ಮುದುಕಿ, ಹಿಂದ ಕೂಗುತ್ತ ಓಡುವ ಮುದುಕ. ಮಂದಿ ಏನು ತಿಳೀಬೇಕು? ನಾನಾಗಿದ್ದರೂ ಅದನ್ನೇ ತಿಳಿಯುತ್ತಿದ್ದೆ. ಅಷ್ಟು ದಿನದ ಓಟದ ಗುಟ್ಟು ಎಲ್ಲರಿಗೂ ಒಮ್ಮೆಲೇ ಹೊಳೀತು: ಪಾಪ, ದಿನಾ ಗಂಡನ್ನ ಬಿಟ್ಟು ಹೋಗಾಕ ನೋಡತಿದ್ದಳು! ಹೂವಿನವರು ಬುಟ್ಟಿ ಬಿಟ್ಟು ಎದ್ದರು. ಸಂತಿಗೆ ಬಂದಿದ್ದ ಭೀಮಿಬಾಯಿ ಎಲ್ಲರ ಮುಂದಾದಳು. ಬಸ್ಸು ಸೀಟು ತುಂಬಿಸಿಕೊಳ್ಳುತ್ತ ತೆವಳಿಕೊಂಡು ಹೋಗಿ ಬೋಡಗೇಶ್ವರದ ಗುಡಿ ಮುಂದ ನಿಂತಿತು. ಅಲ್ಲಿ ಕೈ ಮುಗಿಯದೇ ನಮ್ಮ ಡ್ರೈವರ್ ಮುಂದ ಹೋಗುವವನಲ್ಲ. ಯಜಮಾನರು ಬಂದು ಕಿಡಕಿ ಸರಳು ಹಿಡಿದರು. ಬಾಯಿ ತೆರೆದರೂ ಕೀಲಿಕೈ ಅನ್ನಾಕ ಉಸಿರಿಲ್ಲ.

ಅಷ್ಟರಾಗ ಭೀಮಿಬಾಯಿ ಮುಟ್ಟಿದಳು. "ಅಣ್ಣಾರ, ಮೊದಲ ತಪ್ಪಾತು ಅನ್ರಿ. ಆಮ್ಯಾಲ ಇಳಸ್ರಿ."

ಯಾರೋ ಅವರ ಕೈಯಾಗ ಅಬ್ಬಲಿಗಿ ಹೂವಿನ ದಂಡಿ ತುರುಕಿದರು. ಅವರು ಮಂದಿಯನ್ನು ನೋಡಿದರು, ನನ್ನ ಕೈಯಾಗಿನ ಕೀಲಿಕೈ ನೋಡಿದರು, ನನ್ನ ಮಾರಿ ನೋಡಿದರು.

"ತಪ್ಪಾತು," ಅಂದರು. ಲಗ್ನಾದಾಗಿಂದ ಮೊದಲನೇ ಸಲ!

"ಇಂಜಿನ್ ಸಪ್ಪಳದಾಗ ಕೇಳಸಲಿಲ್ರಿ. ಇನ್ನೊಮ್ಮೆ ಅನ್ರಿ," ಅಂದೆ.

ಬಸ್ಸಿಂದ ಇಳಿದೆ. ಯಜಮಾನರ ಏದುಸಿರು ಮಾತ್ರ ಇಳಿಯಲಿಲ್ಲ. ಕೀಲಿಕೈ ಮಗನ ಕೈಗೆ ಕಳಿಸಿ, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಂದೀರಲ್ಲ ಅಂತ ಡಾಕ್ಟರು ಇಬ್ಬರ ರಕ್ತವನ್ನೂ ತೆಗೆದರು. ಸಂಜಿಗೆ ತಿಳೀತು: ನನ್ನ ಸಕ್ಕರಿ ಇಳಿದಿತ್ತು, ಸೂಜಿ ತಪ್ಪಿತು! ಯಜಮಾನರದು ಮಾತ್ರ ನಾನು ಇಳಿದು ಬಂದ ಮೆಟ್ಟಲ ಮ್ಯಾಲ ಹೋಗಿ ಕುಂತಿತ್ತು. ಚವತಿ ತನಕ ಓಡಬೇಕು, ಇಲ್ಲಂದರ ಸೂಜಿ ಅಂದರು ಡಾಕ್ಟರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಮರುದಿನದಿಂದ ನಾನು ಮುಂದ, ಅವರು ಹಿಂದ. ಸೂಜಿಯ ಕತಿ ಪ್ಯಾಟಿಗೆಲ್ಲ ಗೊತ್ತಾತು. ಆದರೂ ಖಾಲಿ ಕೈಲೆ ಓಡಬಾರದು ಅಂತ ಯಜಮಾನರದು ಒಂದೇ ಹಟ, ಅದಕ್ಕ ಚೀಲ ಬಿಡಲಿಲ್ಲ. ಜಿಲಾನಿ ಈಗ ನಮಗ ಬಸ್ಸು ನಿಲ್ಲಿಸುತ್ತಿರಲಿಲ್ಲ. ಸೀಟಿ ಊದಿ, ಕೈ ಬೀಸಿ ಹೋಗುತ್ತಿದ್ದ. ಚವತಿ ಬಂತು, ಹೋತು. ಇಬ್ಬರಿಗೂ ಸೂಜಿ ಬರಲಿಲ್ಲ. ಇನ್ಯಾಕ ಓಡತೀರಿ ಅಂತ ಡಾಕ್ಟರು ನನ್ನ ಕೇಳಿದರು.

"ಓಡಿದ್ರ ನಗಿ ಬರತೈತ್ರಿ," ಅಂದೆ. ಇದಕ್ಕಿಂತ ಚಲೋ ಕಾರಣ ನನಗ ಇನ್ನೂ ಸಿಕ್ಕಿಲ್ಲ.

ದೀಪಾವಳಿ ಆದ ಮ್ಯಾಲ ಪಣಜಿ ಹತ್ತಿರದ ಚಿಂಬಲ್‌ದಾಗ ನನ್ನ ತಂಗಿ ಸತ್ಯವ್ವನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ದೊಡ್ಡಾಕಿ ನಾನು ಹೋಗೋ ತನಕ ಕೂಸನ್ನು ತೊಟ್ಟಿಲಿಗೆ ಹಾಕೂದಿಲ್ಲ ಅಂತ ಹೇಳಿ ಕಳಿಸಿದ್ದಳು. ಹೋಳಿಗಿ ಡಬ್ಬಿ ಚೀಲದಾಗ ಇಟ್ಟು, ಇಬ್ಬರೂ ಹೊರಟಿವಿ. ಹೊತ್ತಾಗಿತ್ತು, ಬಸ್ಸು ಹೊರಟಿತ್ತು. ಓಡಿದೆ!

"ಜಿಲಾನಿ, ನಿಲ್ಲಸಪಾ! ಇವತ್ತ ಖರೇನ ಹೋಗೂದೈತಿ!"

ಅವನು ಬಾಗಲಾಗ ಜೋತುಬಿದ್ದು ನಕ್ಕ. "ಕಾರಣಾ ಚಲೋ ಹಿಡದೀರಿ, ಅಜ್ಜಿ!" ಅಂತ ಸೀಟಿ ಊದಿದ. ಹೂವಿನವರು ಸಾಲಾಗಿ "ಧಾಂವ್ ಗೋ ಮಾಂಯ್!" ಅಂದರು. ಬಸ್ಸು ಹೋಗೇಬಿಟ್ಟಿತು.

ನಾನು ಖರೇನೇ ಹಣಿ ಬಡಕೊಂಡು ನಿಂತೆ. ಆಗ ನನ್ನ ಪಕ್ಕದಿಂದ ಏನೋ ಸುಂಯ್ ಅಂತ ಹಾದು ಹೋತು. ಧೋತರ ಎತ್ತಿದ ಯಜಮಾನರು!

"ಬೋಡಗೇಶ್ವರದಾಗ ನಿಂದರತೈತಿ, ಬಾ! ನನಗ ಅನುಭವ ಐತಿ!"

ಅವರ ಹಿಂದ ನಾನು. ಡಬ್ಬಿ ಭಾರ, ಸೀರಿ ಅಡ್ಡ, ನಗಿ ಬ್ಯಾರೆ. ಈ ಪ್ಯಾಟಿಗೆ ಓಡೂದನ್ನ ಕಲಿಸಿದ ಓಟಗಾರತಿ ನಾನು ಗುಡಿ ಹತ್ತಿರ ಬರುವಷ್ಟರಾಗ ಡ್ರೈವರ್ ಕೈ ಮುಗಿದು ಮುಗಿಸಿ ಗಾಡಿ ಎಬ್ಬಿಸಿದ್ದ. ಜಿಲಾನಿ ರಟ್ಟಿ ಹಿಡಿಯಾಕ ಕೈ ಚಾಚಿದ್ದ. ಮೊದಲನೇ ಕಿಡಕಿಯಿಂದ ಅರ್ಧ ಹೊರಗ ಬಂದು, ಊರಿಗೆಲ್ಲ ಕೇಳುವ ಹಾಗೆ ಒಬ್ಬರು ಕೂಗುತ್ತಿದ್ದರು:

"ಧಾಂವ್ ಗೋ ಮಾಂಯ್, ಧಾಂವ್!"

ಯಾರ ದನಿ ಅಂತೀರಿ? ಬಸ್ಸಿನಾಗ ಉಳಿದಿದ್ದ ಒಂದೇ ಸೀಟು ಹಿಡಿದು ಕುಂತಿದ್ದ ನಮ್ಮ ಮರ್ಯಾದಸ್ಥರದು!