ಬ್ಯಾಟರಿಯ ವಯಸ್ಸು ಕೇಳಬಾರದು

ಸೀರಿಯಲ್ ನಂಬರ್ ಓದಿ ಲ್ಯಾಪ್‌ಟಾಪ್ ಬ್ಯಾಟರಿಯ ವಯಸ್ಸು ಹೇಳುವ ಮಹಾವಿದ್ಯೆ ನನಗೆ ಕೈವಶವಾದದ್ದು ಮೊನ್ನೆ ಭಾನುವಾರ. ಕೂಡಲೇ ಪ್ರತಿಜ್ಞೆ ಮಾಡಿದೆ: ಸೂರ್ಯ ಮುಳುಗುವುದರೊಳಗೆ ನನ್ನ ಭಾವಮೈದುನನ ಬಣ್ಣ ಬಯಲು ಮಾಡುತ್ತೇನೆ!

ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳಿವೆ. ಒಂದು ನನ್ನದು, ಹಳೆಯದು. ಇನ್ನೊಂದು ಹೆಂಡತಿಯದು. ಎರಡು ವರ್ಷದ ಹಿಂದೆ ಅವಳ ತಮ್ಮ ಮೊದಲ ಸಂಬಳ ಕೈಗೆ ಬಂದಾಗ, "ಭಾವನದು ಚೆನ್ನಾಗಿ ಬಾಳಿಕೆ ಬಂದಿದೆ" ಎಂದು ಅದೇ ಕಂಪನಿಯ ಅದೇ ಮಾದರಿಯನ್ನೇ ಹುಡುಕಿ ಅಕ್ಕನಿಗೆ ತಂದುಕೊಟ್ಟಿದ್ದ. ಅಂದಿನಿಂದ ಆ ಕಡೆಯವರ ಬಾಯಲ್ಲೆಲ್ಲ ಅವನು ಬಂಗಾರ, ನಾನು ಬರೀ ಅಳಿಯ. ಅವಳು ಅದರಲ್ಲೇ ಮನೆಯಿಂದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ನನ್ನ ಕನ್ನಡಕ ಒರೆಸಲು ಕೊಡದ ಮೆತ್ತನೆಯ ಬಟ್ಟೆಯಲ್ಲಿ ಅದರ ಪರದೆ ಒರೆಸುತ್ತಾಳೆ.

ಇತ್ತೀಚೆಗೆ ಕರೆಂಟು ಹೋದರೆ ಸಾಕು, ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಅದು ಕಣ್ಣು ಮುಚ್ಚುತ್ತಿತ್ತು. ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ ಎಂದು ಮಕ್ಕಳ ತಾಯಂದಿರು ಹೇಳುವವರೆಗೂ ಬಂತು. ನನ್ನ ಹಳೆಯದೋ, ಕರೆಂಟಿಲ್ಲದೆ ಸಲೀಸಾಗಿ ಮೂರು ಗಂಟೆ ಓಡುತ್ತಿತ್ತು. ಮೊದಲು ಅದೂ ಏದುಸಿರು ಬಿಡುತ್ತಿದ್ದದ್ದು ನಿಜ. ಆದರೆ ಕಳೆದ ತಿಂಗಳು ಎರಡನ್ನೂ ಊಟದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಶೇವಿಂಗ್ ಬ್ರಷ್ಷಿನಿಂದ ನಾನೇ ಧೂಳು ತೆಗೆದ ಮೇಲೆ ಅದಕ್ಕೆ ಮರುಯೌವನ ಬಂದಿತ್ತು.

"ಎಲ್ಲಾ ಶಿಸ್ತಿನಲ್ಲಿದೆ," ಎಂದು ಅಲ್ಲಿಂದೀಚೆಗೆ ಮನೆಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದೆ. "ಹೊತ್ತಿಗೆ ಸರಿಯಾಗಿ ಚಾರ್ಜು, ಹೊತ್ತಿಗೆ ಸರಿಯಾಗಿ ವಿಶ್ರಾಂತಿ. ಬ್ಯಾಟರಿ ಅನ್ನೋದು ಮಗುವಿದ್ದ ಹಾಗೆ." ಭಾವಮೈದುನನೂ ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದ.

ಸರಿ, ಹೆಂಡತಿಯ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಬ್ಯಾಟರಿ ತೆಗೆದು, ಭೂತಗನ್ನಡಿ ಹಿಡಿದೆ. ಇಂಟರ್‌ನೆಟ್‌ನಲ್ಲಿ ಯಾರೋ ಪುಣ್ಯಾತ್ಮ ಸೂತ್ರ ಬರೆದಿಟ್ಟಿದ್ದ: ಅಕ್ಷರಗಳು ಮುಗಿದ ಮೇಲಿನ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಆಮೇಲಿನ ಎರಡು ಅಂಕಿ ವಾರದ್ದು.

"ನೋಡೇ, ವರ್ಷಕ್ಕೆ ಎಷ್ಟು ವಾರ?"

"ಐವತ್ತೆರಡು. ಯಾಕ್ರೀ?"

"ಇದು ಎಪ್ಪತ್ತನಾಲ್ಕನೇ ವಾರದಲ್ಲಿ ತಯಾರಾಗಿದೆ."

ಅವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಒಂದು ಅಂಕಿ ಮುಂದಕ್ಕೆ ಹೋಗಿದ್ದೀರಿ. ಅದು ಹದಿನೇಳು."

ತಿದ್ದಿಕೊಂಡು ಲೆಕ್ಕ ಹಾಕಿದೆ. ಕುರ್ಚಿಯಿಂದ ಎದ್ದೇ ನಿಂತೆ. ಎರಡು ವರ್ಷದ ಲ್ಯಾಪ್‌ಟಾಪಿನೊಳಗೆ ಏಳು ವರ್ಷದ ಬ್ಯಾಟರಿ! ಮೊಮ್ಮಗಳ ಹೊಟ್ಟೆಯಲ್ಲಿ ಅಜ್ಜಿ ಹುಟ್ಟಿದ ಹಾಗಾಯಿತು.

"ನಿನ್ನ ತಮ್ಮ ಹೊಸದು ಅಂತ ಹಳೇದನ್ನ ತಲೆಗೆ ಕಟ್ಟಿದ್ದಾನೆ. ಬೆಳ್ಳಗಿರೋದೆಲ್ಲ ಹಾಲಲ್ಲ, ತಿಳ್ಕೊ."

ಅವಳ ಮುಖ ಸಣ್ಣಗಾಯಿತು. "ಅವನು ಹಾಗೆ ಮಾಡೋನಲ್ಲ," ಎಂದಳು, ಅಷ್ಟೇ. ನನಗೂ ಅಯ್ಯೋ ಪಾಪ ಅನ್ನಿಸಿತು. ಆದರೆ ಗೆದ್ದವನಿಗೆ ಪಾಪ ಅನ್ನಿಸುವುದು ಬಹಳ ಹೊತ್ತು ಇರುವುದಿಲ್ಲ. ಭಾವಮೈದುನನಿಗೆ ಫೋನ್ ಮಾಡಿ, "ಬ್ಯಾಟರಿ ವಿಷಯ ಮಾತಾಡೋದಿದೆ, ತಕ್ಷಣ ಬಾ," ಎಂದು ಗಂಭೀರವಾಗಿ ಹೇಳಿದೆ. "ಇಗೋ ಬಂದೆ ಭಾವ," ಎಂದ. ಕಳ್ಳನಿಗೆ ಅಷ್ಟು ಉತ್ಸಾಹ ಇರುವುದಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು.

ನಾನು ವಿಚಾರಣೆಗೆ ಕುರ್ಚಿಗಳನ್ನು ಜೋಡಿಸುತ್ತಿದ್ದೆ. ಹೆಂಡತಿ ಬ್ಯಾಟರಿ ಹಿಡಿದು ಕೂತೇ ಇದ್ದಳು.

"ರೀ, ಏಳು ವರ್ಷದ ಹಿಂದೆ ಈ ಮನೆಗೆ ಬಂದ ಲ್ಯಾಪ್‌ಟಾಪ್ ಯಾವುದು?"

"ನನ್ನದು. ಅದಕ್ಕೇನೀಗ?"

"ಅದನ್ನೂ ಸ್ವಲ್ಪ ಬೋರಲು ಹಾಕಿ."

ಹಾಕಿದೆ. ಅದರ ಬ್ಯಾಟರಿಯೂ ಭೂತಗನ್ನಡಿಯೂ ಅವಳ ಕೈಗೆ ಹೋದವು. ಗಣಿತದವಳು, ಬೆರಳು ಕೂಡ ಮಡಿಸಲಿಲ್ಲ.

"ನಿಮ್ಮ ಬ್ಯಾಟರಿಗೆ ಎರಡು ವರ್ಷ."

"ಅದು ಹೇಗಾಗತ್ತೆ? ನಾನು ಬದಲಾಯಿಸೇ ಇಲ್ಲವಲ್ಲ."

"ಬದಲಾಯಿಸಿದ್ದೀರಿ. ಹೋದ ತಿಂಗಳು, ಊಟದ ಮೇಜಿನ ಮೇಲೆ, ಶೇವಿಂಗ್ ಬ್ರಷ್ ಹಿಡ್ಕೊಂಡು."

ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದ ಅವಳಿ ಮಕ್ಕಳಂಥ ಎರಡು ಬ್ಯಾಟರಿಗಳು ಕಣ್ಣ ಮುಂದೆ ಬಂದವು. ಒಂದು ತಿಂಗಳಿಂದ ನಾನು ಮೆರೆದದ್ದು ಹೆಂಡತಿಯ ಬ್ಯಾಟರಿಯ ಮೇಲೆ. ಅವಳ ಪಾಠ ಕೆಡಿಸುತ್ತಿದ್ದದ್ದು ನನ್ನ ಶಿಸ್ತಿನಲ್ಲಿ ಬೆಳೆದ ಮಗು. ಆ ಹುಡುಗನನ್ನು ಕಳ್ಳನೆಂದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ಭೂಮಿಯ ಬದಲು ಬಾಗಿಲು ಬಾಯಿ ಬಿಟ್ಟಿತು.

ಭಾವಮೈದುನ ಬಂದ. ಕಂಕುಳಲ್ಲಿ ಅವನದೇ ಲ್ಯಾಪ್‌ಟಾಪ್.

"ಭಾವ, ಬ್ಯಾಟರಿ ವಿಷಯ ಅಂದ್ರಲ್ಲ, ನನ್ನದನ್ನೂ ತಂದ್ಬಿಟ್ಟೆ. ಅರ್ಧ ಗಂಟೆನೂ ಬರ್ತಿಲ್ಲ. ನಿಮ್ಮ ಹಳೇದನ್ನ ಅಷ್ಟು ಚೆನ್ನಾಗಿ ಹೇಗೆ ಕಾಪಾಡ್ಕೊಂಡಿದ್ದೀರಿ? ಆ ಗುಟ್ಟು ನನಗೂ ಹೇಳ್ಕೊಡಿ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತನ್ನ ಬ್ಯಾಟರಿಯನ್ನು ತನ್ನ ಲ್ಯಾಪ್‌ಟಾಪಿಗೆ ಟಕ್ಕೆಂದು ಕೂರಿಸಿ, ತಮ್ಮನನ್ನು ಹತ್ತಿರ ಕರೆದಳು.

"ಗುಟ್ಟು ನಾನು ಹೇಳ್ತೀನಿ ಬಾರೋ. ಮೊದಲು ಅದನ್ನ ನಿಮ್ಮ ಭಾವನ ಕೈಗೆ ಸಿಗದ ಹಾಗೆ ಇಟ್ಕೊ."