ದೊಡ್ಡಪ್ಪನ ಕಾವ್ಯ, ದೊಡ್ಡಮ್ಮನ ‘ಸುಳ್ಳು!’

ನಮ್ಮ ದೊಡ್ಡಪ್ಪನ ಪ್ರಕಾರ, ನೂರಾರು ವರ್ಷಗಳ ಹಿಂದೆಯೇ ಯಾರೋ ಕವಿ ಅವರ ಜೀವನಚರಿತ್ರೆಯನ್ನು ಹಳೆಗನ್ನಡದಲ್ಲಿ ಬರೆದಿಟ್ಟಿದ್ದಾನೆ. ಪಾಪ, ಕವಿಗೆ ಬಸವೇಶ್ವರನಗರ ಗೊತ್ತಿರಲಿಲ್ಲ ನೋಡಿ, ಅದಕ್ಕೇ ಕಾಡು, ಅರಮನೆ ಅಂತ ಏನೇನೋ ಸೇರಿಸಿದ್ದಾನೆ, ಅಷ್ಟೇ! ಅದನ್ನೆಲ್ಲ ಸರಿಪಡಿಸುವ ಹೊಣೆ ದೊಡ್ಡಪ್ಪನ ಮೇಲೆ ಬಿದ್ದಿತ್ತು.

ಪ್ರತಿ ಭಾನುವಾರ ಸಂಜೆ ಅವರ ಮನೆಯ ಹಾಲ್‌ನಲ್ಲಿ ಗಮಕ. ದೊಡ್ಡಮ್ಮ ಪದ್ಯವನ್ನು ರಾಗವಾಗಿ ಓದುತ್ತಿದ್ದರು, ದೊಡ್ಡಪ್ಪ ಅರ್ಥ ಹೇಳುತ್ತಿದ್ದರು. ರಾಜ್ಯ ಕಳೆದುಕೊಂಡು ಹೆಂಡತಿಯೊಡನೆ ಕಾಡಿಗೆ ಹೋದ ರಾಜನೊಬ್ಬನ ಕತೆ ಅದು. ಅರ್ಥ ಎರಡೇ ವಾಕ್ಯ, ಆಮೇಲೆ “ನನ್ನ ಬಾಳಲ್ಲೂ ಹೀಗೇ” ಅಂತ ಶುರು! ರಾಜನಿಗೆ ವನವಾಸವಾದರೆ ಇವರಿಗೆ ಕೆಂಗೇರಿಗೆ ವರ್ಗ. ರಾಜನನ್ನು ಪೀಡಿಸಿದ ರಾಕ್ಷಸ ಯಾರು? ವಿಜಯನಗರದಲ್ಲಿ ಸಂಜೆಯಾಗುವ ಮೊದಲೇ ನೀರಿನ ಮೋಟಾರು ಆಫ್ ಮಾಡುತ್ತಿದ್ದ ಮನೆ ಓನರ್!

ಜನ ಬರುತ್ತಿದ್ದದ್ದು ಕಾವ್ಯಕ್ಕೆ ಅಂದುಕೊಂಡಿರಾ? ಕೊನೆಗೆ ಕೊಡುವ ಉಪ್ಪಿಟ್ಟಿಗೂ ಅಲ್ಲ. ದೊಡ್ಡಮ್ಮನ ಒಂದೇ ಒಂದು ಮಾತಿಗೆ.

ಒಮ್ಮೆ ರಾಜ ತುಂಬಿದ ಹೊಳೆ ದಾಟುವ ಪದ್ಯ ಬಂತು. ದೊಡ್ಡಪ್ಪ ಶಲ್ಯ ಕೊಡವಿ ಎದ್ದೇ ನಿಂತರು. “ಬಾಪೂಜಿ ನಗರದಲ್ಲಿ ಮಳೆ ನೀರು ಎದೆಮಟ್ಟ ಸಾರ್! ಇವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ದಾಟಿದೀನಿ!”

“ಸುಳ್ಳು!” ದೊಡ್ಡಮ್ಮ ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. “ನೀರು ಪಾದ ಮುಳುಗೋಷ್ಟಿತ್ತು. ಹೊಸಾ ಚಪ್ಪಲಿ ಹಾಳಾಗುತ್ತೆ ಅಂತ ಇವ್ರು ಅಂಗಡಿ ಕಟ್ಟೆ ಮೇಲೇ ನಿಂತಿದ್ರು. ದಾಟಿದ್ದು ನಾನೊಬ್ಳೇ.”

ರಾಜ ಕುದುರೆಯೇರಿ ಬೆಟ್ಟ ಹತ್ತಿದ ದಿನ ದೊಡ್ಡಪ್ಪ ಹಳೆಯ ಸ್ಕೂಟರಿನಲ್ಲಿ ನಂದಿನಿ ಲೇಔಟಿನ ಏರು ಹತ್ತಿದರು. “ಸುಳ್ಳು! ತಳ್ಳಿದ್ದು ನಾನು.” ಹಾಲ್ ತುಂಬ ನಗು. ದೊಡ್ಡಪ್ಪನಿಗೆ ಎಲ್ಲಿಯ ಅವಮಾನ! “ನೋಡಿ, ಎಷ್ಟು ಗಮನ ಇಟ್ಟು ಕೇಳಿಸ್ಕೊಳ್ತಾಳೆ” ಅಂತ ಬೀಗುತ್ತಿದ್ದರು.

ಹೋದ ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಮಾತ್ರ ಬರಲಿಲ್ಲ. ಮಾತಾಡಿಸುತ್ತಲೇ ಇರಿ, ಬರಬಹುದು ಅಂದರು ಡಾಕ್ಟರು. ಭಾನುವಾರದ ಗಮಕ ನಿಂತುಹೋಯಿತು. ದೊಡ್ಡಪ್ಪ ನಿಲ್ಲಬೇಕಲ್ಲ! ದಿನಾ ಬೆಳಿಗ್ಗೆ ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಒಡಕು ಗಂಟಲಲ್ಲೇ ಪದ್ಯ ಓದಿ, ಅರ್ಥವನ್ನೂ ತಾವೇ ಹೇಳತೊಡಗಿದರು. ಕತೆಗಳಿಗೆ ಹಿಡಿತವೇ ಇಲ್ಲ. ಕೆಂಗೇರಿಯಲ್ಲಿ ಚಿರತೆಯ ಕಿವಿ ಹಿಂಡಿದರು. ಓನರ್ ಬಂದು ಕಾಲಿಗೆ ಬಿದ್ದ.

“ದೊಡ್ಡಪ್ಪ, ಸ್ವಲ್ಪ ಜಾಸ್ತಿ ಆಯ್ತು,” ಅಂದೆ.

“ಸುಮ್ನಿರೋ. ಸಣ್ಣಪುಟ್ಟ ಸುಳ್ಳಿಗೆಲ್ಲ ಅವಳು ಬಾಯಿ ಬಿಡಲ್ಲ ಈಗ,” ಅಂದರು ಮೆಲ್ಲಗೆ.

ಮೊನ್ನೆ ಹೋದಾಗ ರಾಜ ರಾಜಧಾನಿಗೆ ಮರಳುವ ಭಾಗ ನಡೆದಿತ್ತು. ಯಾಕೋ ಅಂದು ಚಿರತೆಯಿಲ್ಲ, ಹೊಳೆಯೂ ಇಲ್ಲ. ದೊಡ್ಡಪ್ಪ ದಣಿದಂತಿದ್ದರು. “ಆ ರಾಜನ ಥರ ನಾನೂ ಯಾವತ್ತೂ ಹೆದರಿದವನಲ್ಲ ಕಣೇ. ಹೋದ್ವರ್ಷ ಆಸ್ಪತ್ರೇಲೂ ಹೆದರಲಿಲ್ಲ,” ಅಂದರು.

ದೊಡ್ಡಮ್ಮನ ತುಟಿ ಅಲುಗಿತು. ತುಂಬ ಹೊತ್ತು ಹೆಣಗಿದರು.

“ಸು... ಸುಳ್ಳು.”

ದೊಡ್ಡಪ್ಪನ ಕೈಯಿಂದ ಪುಸ್ತಕ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

“ಹೂಂ ಕಣೇ,” ಅಂದರು ಅಳುತ್ತಾ. “ತುಂಬಾ ಹೆದರಿದ್ದೆ.”