ಮಗ್ಗ ನಿಂತ ಅರ್ಧ ತಾಸು

ನನ್ನ ದನಿಯ ಮೇಲೆ ನನಗೆ ಮೊದಲಿನಿಂದಲೂ ಅಪಾರ ಗೌರವ. ಬೋರಗಾಂವದಂಥ ಊರಿನಲ್ಲಿ, ಹಗಲು ರಾತ್ರಿ ಮಗ್ಗಗಳು ಖಟಖಟ ಅನ್ನುವ ಗಲ್ಲಿಯಲ್ಲಿ ಹುಟ್ಟಿಯೂ ಇಂಥ ದನಿ ಉಳಿಸಿಕೊಂಡಿದ್ದೇನೆಂದರೆ ಅದು ಸಾಮಾನ್ಯ ಸಾಧನೆಯಲ್ಲ. ಸರಕಾರಿ ರೇಡಿಯೋದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಅರ್ಧ ತಾಸು ರೈತರ ಕಾರ್ಯಕ್ರಮ ಓದುವವನು ನಾನೇ. ಇದನ್ನು ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಬೇರೆ ಮಾತು.

ಮೊದಲು ಓದಲಿಕ್ಕೆ ನಿಪ್ಪಾಣಿಯಲ್ಲಿ ರೇಡಿಯೋದವರ ಬಾಡಿಗೆಯ ಒಂದು ಖೋಲಿಯಿತ್ತು. ಗೋಡೆಗೆಲ್ಲ ಮೆತ್ತೆ ಹೊಡೆದು, ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿದ್ದರು. ಮೇಲಿನಿಂದ ಬರುವ ಅನುದಾನ ಕಡಿಮೆಯಾಯಿತು. ಖೋಲಿ ಹೋಯಿತು, ಅಲ್ಲೀಗ ಮೊಬೈಲ್ ಅಂಗಡಿಯಿದೆ. "ಇನ್ನು ಮುಂದೆ ಮನೆಯಿಂದಲೇ ಕೆಲಸ ಮಾಡತಕ್ಕದ್ದು" ಎಂದು ನನಗೊಂದು ಪತ್ರ ಬಂತು. ಕಚೇರಿಗೆ ಹೋಗುವವರು, "ಮನೆಯಲ್ಲಿರುವವರು ಮಲಗುತ್ತಾರೆ" ಅಂದರು. ಮನೆಯಲ್ಲಿರುವವರು, "ಕಚೇರಿಗೆ ಹೋಗುವವರು ಬರೀ ಚಹಾ ಕುಡಿಯುತ್ತಾರೆ" ಅಂದರು. ನಾನು ಎರಡನ್ನೂ ಮಾಡಬಲ್ಲವನಾದ್ದರಿಂದ ಯಾವ ಪಕ್ಷಕ್ಕೂ ಸೇರಲಿಲ್ಲ.

ಆದರೆ ಮನೆಯಲ್ಲಿ ಕೂತವನು ಕೆಲಸದಲ್ಲಿದ್ದಾನೆ ಎಂದು ನಂಬಿಸುವುದು ಬಹಳ ಕಷ್ಟ.

"ಏನ್ರಿ, ಖಾಲಿ ಕುಂತೀರಲ್ಲ, ಗಿರಣಿಗೆ ಹೋಗಿ ಜ್ವಾಳ ಬೀಸ್ಕೊಂಡ ಬರ್ರಿ," ಅಂದಳು ನನ್ನ ಹೆಂಡತಿ ಸುನಂದಾ.

"ನಾ ಆಫೀಸಿನ್ಯಾಗ ಅದೀನಿ."

"ಹಂಗಾದ್ರ ಆಫೀಸಿನಿಂದ ಬರೂವಾಗ ಬೀಸ್ಕೊಂಡ ಬರ್ರಿ."

ಹೀಗಿರುವಾಗ ರೇಡಿಯೋ ನಿಲಯದ ಸಾಹೇಬರ ಫೋನು ಬಂತು. "ಬರುವ ಗುರುವಾರ ನಿಮ್ಮ ಮನೆಯಿಂದಲೇ, ಫೋನಿನಲ್ಲಿ ನೇರ ಪ್ರಸಾರ. ಮೇಲಿನವರು ಕೇಳುತ್ತಾರೆ. ಈ ಕಾರ್ಯಕ್ರಮ ಯಾರೂ ಕೇಳುವುದಿಲ್ಲ, ಸುಮ್ಮನೆ ದಂಡ ಅನ್ನುವುದು ಅವರ ವಾದ. ಪ್ರಸಾರ ಸರಿಯಾಗಿ ನಡೆದು, ನಾಲ್ಕು ಜನ ಕೇಳುಗರಾದರೂ ನಿಲಯಕ್ಕೆ ಫೋನ್ ಮಾಡಿದರೆ ಕಾರ್ಯಕ್ರಮ ಉಳಿಯುತ್ತದೆ. ಇಲ್ಲದಿದ್ದರೆ ಆ ಹೊತ್ತಿಗೆ ಸಿನಿಮಾ ಹಾಡು. ಮತ್ತೆ, ಏನೇ ಆದರೂ ನಡುವೆ ಫೋನ್ ಇಡಬೇಡಿ."

ನಮಗೆ ಖಾಯಂ ಫೋನ್ ಮಾಡುತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ನನ್ನ ಅಳಿಯ. ಆದರೂ ಆ ಅರ್ಧ ತಾಸು ಹೋದರೆ ನಾನು ಬರೀ ಮನೆಯಲ್ಲಿ ಕೂತವನಾಗುತ್ತಿದ್ದೆ.

ಮೊದಲ ಶತ್ರು ಮಗ್ಗದ ಸದ್ದು. ನಮ್ಮ ಗಲ್ಲಿಯ ಹಿರಿಯ, ಹದಿನಾರು ಮಗ್ಗಗಳ ಮಾಲಕ ಮೆಹಬೂಬ ಚಾಚಾನ ಹತ್ತಿರ ಹೋದೆ.

"ಚಾಚಾ, ಗುರುವಾರ ಮೂರಕ್ಕ ಅರ್ಧ ತಾಸ ಇಡೀ ಗಲ್ಲಿ ಮಗ್ಗ ಬಂದ್ ಮಾಡಸ್ರಿ."

"ನಿನ್ನ ರೇಡಿಯೋ ಯಾರ ಕೇಳತಾರಪ್ಪಾ?"

"ಚಾಚಾ, ಅದ ನಮ್ಮೆಲ್ಲಾರ ರೊಕ್ಕದಾಗ ನಡಿಯೂ ರೇಡಿಯೋ. ಬಂದ್ ಆದ್ರ ನಿಮ್ದೂ ಒಂದ ಪಾಲ ಹೋಗತೈತಿ."

ಪಾಲು ಎಂದ ಕೂಡಲೇ ಚಾಚಾ ಒಪ್ಪಿದ. ಮಗ್ಗದ ಮಾಲಕರಿಗೆಲ್ಲ ತಾನೇ ಹೇಳುವುದಾಗಿ ಮಾತು ಕೊಟ್ಟ. ಹೇಳಿದ ಕೂಡ. ಆದರೆ ಮಾಲಕರಿಗಷ್ಟೇ ಹೇಳಿದ.

ಗುರುವಾರ ಸಿದ್ಧತೆ ಜೋರಾಗಿ ನಡೆಯಿತು. ಕಿಟಕಿ, ಬಾಗಿಲಿಗೆಲ್ಲ ಕೌದಿ ಕಟ್ಟಿದೆ. ಮೇಜು ಇಡಲು ಜಾಗ ಸಾಲದೆ ನಮ್ಮವ್ವನ ಹಾಸಿಗೆ, ಹೊರಸು ಎತ್ತಿ ಅಂಗಳಕ್ಕೆ ಹಾಕಿದೆ. ಎರಡನೆಯ ಶತ್ರು ಅವ್ವನ ಕೆಮ್ಮು. ಎಲೆ ಅಡಿಕೆಯ ಚಂಚಿ ಹಿಡಿದು ದಿನವಿಡೀ ಬಾಗಿಲ ಕಟ್ಟೆಯ ಮೇಲೆ ಕೂರುವ ಅವಳನ್ನು ಹಿಂದಿನ ಗಲ್ಲಿಯ ನಂಟರ ಮನೆಗೆ ಕಳಿಸಿದೆ.

"ಅತ್ತಿ ಒಂದರ್ಧ ತಾಸ ಸುಮ್ನ ಕುಂದರತಿದ್ರು," ಅಂದಳು ಸುನಂದಾ.

"ನೇರ ಪ್ರಸಾರ ಅಂದ್ರ ಹುಡುಗಾಟಕಿ ಅಲ್ಲ. ನೀನೂ ಅಷ್ಟ. ಆಕಾಶ ಕಳಚಿ ಬಿದ್ರೂ ತುಟಿ ಪಿಟಕ್ ಅನ್ನಬ್ಯಾಡ."

ಸರಿಯಾಗಿ ಮೂರಕ್ಕೆ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕೌದಿಗಳ ನಡುವೆ ಬೆವರು ಹರಿಯುತ್ತಿತ್ತು. ಒದ್ದೆ ಟವೆಲ್ಲನ್ನು ತಲೆಗೆ ಹಾಕಿಕೊಂಡು ಗಾಂಭೀರ್ಯದಿಂದ ಶುರು ಮಾಡಿದೆ. "ಶ್ರೋತೃಗಳಿಗೆ ನಮಸ್ಕಾರ. ಇಂದಿನ ವಿಷಯ, ಎರೆಹುಳು ಗೊಬ್ಬರದ ತಯಾರಿಕೆ ಮತ್ತು ಮಹತ್ವ."

ಇಲ್ಲಿ ಒಂದು ಸಂಗತಿ ಹೇಳಬೇಕು. ಅವತ್ತು ಅದು ನನಗೂ ನೆನಪಾಗಲಿಲ್ಲ, ಚಾಚಾನಿಗೂ ನೆನಪಾಗಲಿಲ್ಲ. ನಮ್ಮ ಗಲ್ಲಿಯಲ್ಲಿ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುವುದು ಎರಡೇ ಕಾರಣಕ್ಕೆ. ಒಂದು, ಕರೆಂಟು ಹೋದರೆ. ಇನ್ನೊಂದು, ಗಲ್ಲಿಯಲ್ಲಿ ಯಾರದಾದರೂ ಜೀವ ಹೋದರೆ, ಮಣ್ಣಾಗುವವರೆಗೆ ಯಾರೂ ಮಗ್ಗ ನಡೆಸುವುದಿಲ್ಲ. ಅವತ್ತು ಮೂಲೆಯ ಚಹಾದಂಗಡಿಯ ಫ್ಯಾನು ತಿರುಗುತ್ತಲೇ ಇತ್ತು. ಅಂದಮೇಲೆ ಕರೆಂಟು ಹೋಗಿರಲಿಲ್ಲ.

ಜನ ಹೊರಗೆ ಬಂದು ನೋಡಿದರು. ನಮ್ಮ ಬಾಗಿಲಿಗೆ ಕೌದಿ. ಅಂಗಳದಲ್ಲಿ ಮುದುಕಿಯ ಹಾಸಿಗೆ. ಕಟ್ಟೆ ಖಾಲಿ. ಇನ್ನೇನು ಬೇಕು?

"ಎರೆಹುಳುಗಳು ತೇವ ಮತ್ತು ನೆರಳನ್ನು ಬಯಸುತ್ತವೆ," ಎಂದು ನಾನು ಓದುತ್ತಿದ್ದಂತೆ ಹೊರಗೆ ತಾರಾ ಮಾವಶಿಯ ದನಿ ಎದ್ದಿತು. ಹಾಡಿಕೊಂಡು ಅಳುವುದರಲ್ಲಿ ಸುತ್ತ ನಾಲ್ಕು ಗಲ್ಲಿಗೆ ಆಕೆಯೇ ಮುಂದು. "ಮುಂಜಾನಿ ನನ್ನ ಕೂಡ ಎಲಿ ತಿಂದ್ಯಲ್ಲಬೇ ನನ ಗೆಳತಿ, ಹೇಳದ ಕೇಳದ ಹ್ವಾದ್ಯಲ್ಲಬೇ!"

ನಾನು ದನಿ ಏರಿಸಿದೆ. ಮಾವಶಿಯೂ ಏರಿಸಿದಳು. ಸುನಂದಾ ಅಂಗಳಕ್ಕೆ ಓಡಿ, ನನ್ನ ಅಪ್ಪಣೆ ಮೀರಲಾರದೆ, ತುಟಿಯ ಮೇಲೆ ಬೆರಳಿಟ್ಟು ಕೈಸನ್ನೆ ಮಾಡಿದಳು. ಪಾಪ, ದುಃಖಕ್ಕೆ ಮಾತೇ ನಿಂತಿದೆ ಎಂದುಕೊಂಡರು ಹೆಂಗಸರು. ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಮೈ ಅಲುಗಾಡಿಸತೊಡಗಿದಳು. ಅದನ್ನು ಕಂಡು ಇನ್ನೂ ಹತ್ತು ಜನ ಅಳಲು ಶುರು ಮಾಡಿದರು.

ಕೌದಿ ಸರಿಸಿಕೊಂಡು ಜನ ಒಳಗೇ ಬಂದರು. ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಬೆವರು ಸುರಿಸುತ್ತ ಕೂತಿದ್ದ ನನ್ನನ್ನು ಯಾರೋ ತಬ್ಬಿಕೊಂಡು, "ಧೈರ್ಯ ತಗೊಳಪ್ಪಾ," ಅಂದರು. "ಶ್ರೋತೃಗಳೇ, ಧೈರ್ಯ ತಗೊಳ್ಳಿ," ಎಂದು ನಾನೂ ಓದಿಬಿಟ್ಟೆ. ಅಷ್ಟರಲ್ಲಿ ಮಗ್ಗ ನಿಲ್ಲಿಸಿದ ಮೆಹಬೂಬ ಚಾಚಾನೇ ಅಳು ಕೇಳಿ ಓಡಿ ಬಂದು, "ಭಾಳ ಚಲೋ ಹೆಣ್ಮಗಳು," ಎಂದು ಕಣ್ಣು ಒರೆಸಿಕೊಂಡ.

ಮಗ್ಗ ನಿಂತದ್ದು ಹಿಂದಿನ ಗಲ್ಲಿಗೂ ಗೊತ್ತಾಗಿತ್ತು. ಅವ್ವ ಗಾಬರಿಯಿಂದ ಬಂದಳು. ನಮ್ಮ ಅಂಗಳದಲ್ಲೇ ಅಳುವ ಜನವನ್ನು ಕಂಡು, ಏನನ್ನೂ ಕೇಳದೆ ತಾರಾ ಮಾವಶಿಯ ಪಕ್ಕದಲ್ಲಿ ಕೂತು ತಾನೂ ಒಂದಿಷ್ಟು ಮನಸಾರೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ತಾರಾ, ಯಾರ ಹ್ವಾದ್ರಬೇ?"

ಮಾವಶಿ ತಿರುಗಿ ನೋಡಿದಳು. "ನೀನ ಅಲ್ಲೇನಬೇ?"

ಇಡೀ ಪ್ರಸಾರದಲ್ಲಿ ನನಗೆ ಬೇಕಾಗಿದ್ದಂಥ ನಿಶ್ಶಬ್ದ ಸಿಕ್ಕಿದ್ದು ಆಗ ಮಾತ್ರ.

ವಿಷಯ ತಿಳಿದ ಅವ್ವ ಒಳಗೆ ಬಂದು ನನ್ನ ಕೈಯಲ್ಲಿದ್ದ ಫೋನ್ ನೋಡಿದಳು. "ಇದರಾಗ ಮಾತಾಡಿದ್ರ ಕೊಕಟನೂರಾಗ ನಮ್ಮ ತಂಗಿಗೆ ಕೇಳತೈತೇನು?"

"ಕೇಳತೈತಿಬೇ," ಅಂದೆ ಸೋತ ದನಿಯಲ್ಲಿ.

ಕಸಿದುಕೊಂಡಳು. "ತಂಗೀ, ನಾ ಸತ್ತಿಲ್ಲ. ಬಸ್ ಹತ್ತಬ್ಯಾಡ. ಮತ್ತ ನನ್ನ ಮಗ ಎರಿಹುಳದ್ದ ಏನೇನೋ ಹೇಳಾಕತ್ತಾನ, ಅದನ್ನ ಕೇಳಬ್ಯಾಡ್ರಿ. ಅಂವಾ ಸಗಣಿ ಮುಟ್ಟಿದಂವ ಅಲ್ಲ. ಹಸಿ ಸಗಣಿ ಹಾಕಿದ್ರ ಕಾವ ಹುಟ್ಟಿ ಹುಳ ಸಾಯತಾವ. ಹದಿನೈದ ದಿನ ಆರಾಕ ಬಿಡ್ರಿ. ಮ್ಯಾಲ ಹಸಿ ಗೋಣಿತಟ್ಟ ಹೊಚ್ಚರಿ..."

ಉಳಿದ ಹೊತ್ತೆಲ್ಲ ಅವಳೇ ಮಾತಾಡಿದಳು, ನಡುನಡುವೆ ಕೆಮ್ಮುತ್ತ. ತಾರಾ ಮಾವಶಿ ಹೂಂಗುಟ್ಟಿದಳು. ಅಳಲು ಬಂದವರೆಲ್ಲ ಕೂತು ಕೇಳಿದರು. ಇರುವೆ ಬಂದರೆ ಏನು ಮಾಡಬೇಕೆಂದು ಚಾಚಾ ಪ್ರಶ್ನೆಯನ್ನೂ ಕೇಳಿದ.

ಐದಕ್ಕೆ ಸಾಹೇಬರ ಫೋನು ಬಂತು. ನಾನು ಕ್ಷಮಾಪಣೆಯ ಪತ್ರದ ಎರಡನೆಯ ಪುಟದಲ್ಲಿದ್ದೆ.

"ಏನ್ರೀ ನೀವು!" ಅಂದರು. "ಐಗಳಿ, ರಾಯಬಾಗ, ಕಾಗವಾಡ, ಎಲ್ಲ ಕಡೆಯಿಂದ ಫೋನು. ಕೆಲವರು ಅಜ್ಜಿ ಹೇಗಿದ್ದಾರೆ ಅಂತ ಕೇಳ್ತಾರೆ, ಕೆಲವರು ಸಗಣಿ ಎಷ್ಟು ದಿನ ಆರಬೇಕು ಅಂತ ಕೇಳ್ತಾರೆ. ಯಾರೂ ಕೇಳೋದಿಲ್ಲ ಅಂತಿದ್ದವರ ಬಾಯಿ ಬಂದ್ ಆಯ್ತು. ಕಾರ್ಯಕ್ರಮ ಉಳೀತು. ಅರ್ಧ ತಾಸಲ್ಲ, ಇನ್ಮೇಲೆ ಒಂದು ತಾಸು."

ನಾನು ಕ್ಷಮಾಪಣೆಯ ಪತ್ರ ಹರಿದು ಗಾಳಿಗೆ ತೂರಿದೆ. ಎದೆಯುಬ್ಬಿಸಿ ಅಂಗಳಕ್ಕೆ ಹೋಗಿ ಸುದ್ದಿ ಹೇಳಿದೆ. ಗಲ್ಲಿಗೆ ಗಲ್ಲಿಯೇ ಕುಣಿಯಿತು. ಸಾಹೇಬರು ಕೊನೆಗೆ ಹೇಳಿದ ಒಂದು ಸಣ್ಣ ಮಾತನ್ನು ಮಾತ್ರ ನಾನು ಆ ದಿನ ಯಾರಿಗೂ ಹೇಳಲಿಲ್ಲ: "ಇನ್ಮೇಲೆ ಅಜ್ಜಿಯೇ ಮಾತಾಡಲಿ."

ಈಗ ಗುರುವಾರ ಮೂರಕ್ಕೆ ಮಗ್ಗಗಳು ನಿಂತರೆ ಯಾರೂ ಅಳುವುದಿಲ್ಲ. ಎಲೆ ಅಡಿಕೆ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಮನೆಯಿಂದ ಕೆಲಸ ಅನ್ನುವುದು ನಮ್ಮ ಮನೆಯಲ್ಲಿ ಸಂಪೂರ್ಣ ಯಶಸ್ವಿಯಾಗಿದೆ. ನನಗೆ ಆ ಕೌದಿಯ ಧೂಳಿನಿಂದ ಸ್ವಲ್ಪ ಕೆಮ್ಮು ಹತ್ತಿದೆ. ಹಾಗಾಗಿ ಆ ಒಂದು ತಾಸು ಸುನಂದಾ ನನ್ನನ್ನು ಹಿಂದಿನ ಗಲ್ಲಿಯ ನಂಟರ ಮನೆಗೆ ಕಳಿಸುತ್ತಾಳೆ. ಹೋಗುವಾಗ ಕೈಯಲ್ಲಿ ಜೋಳದ ಚೀಲ ಕೊಡುತ್ತಾಳೆ. ಗಿರಣಿ ಅಲ್ಲೇ ಪಕ್ಕದಲ್ಲಿದೆ.